ಗೆದ್ದ ಮೇಲೆ ಶುರುವಾಗುವ ಜಗಳ

ಓದುಗರ ಪ್ರಶ್ನೆ: ಇತಿಹಾಸ ವಿಭಾಗ

ಯುದ್ಧದಲ್ಲಿ ಒಟ್ಟಿಗೆ ನಿಂತ ಮಹಾಶಕ್ತಿಗಳು ಯುದ್ಧ ಮುಗಿದದ್ದೇ ಎದುರಾಳಿಗಳಾಗುವುದು ಏಕೆ ಎಂದು ದಾವಣಗೆರೆ, ಚಿತ್ರದುರ್ಗ ಕಡೆಯ ಹಲವರು ಬರೆದಿದ್ದಾರೆ. ಈ ಸಂಚಿಕೆಯ ಪುಟಗಳನ್ನು ಆ ಪತ್ರಗಳಿಗೇ ಬಿಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: 1945ರ ಏಪ್ರಿಲ್ 25ರಂದು ಟೊರ್ಗಾವು ಎಂಬ ಊರಿನ ಹತ್ತಿರ, ಎಲ್ಬೆ ನದಿಯ ದಡದಲ್ಲಿ ಅಮೆರಿಕದ ಮತ್ತು ಸೋವಿಯತ್ ಸೈನಿಕರು ಕೈಕುಲುಕಿದರು. 1948ರ ಜೂನ್ ಹೊತ್ತಿಗೆ ಅವರೇ ಬರ್ಲಿನ್‌ನಲ್ಲಿ ಎದುರುಬದುರು. ಗೈಡುಗಳಲ್ಲೆಲ್ಲ ‘ಸೈದ್ಧಾಂತಿಕ ಭಿನ್ನಾಭಿಪ್ರಾಯ’ ಎಂದು ಒಂದೇ ಸಾಲು ಇರುತ್ತದೆ. ಅಷ್ಟೇನಾ?
(ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ದಾವಣಗೆರೆ)

ಉತ್ತರ: ಅಷ್ಟೇ ಅಲ್ಲ. ಆ ಸಾಲು ಸುಳ್ಳಲ್ಲ, ಅರೆಬೆಂದದ್ದು. ಸಿದ್ಧಾಂತದ ಭೇದ 1917ರಿಂದಲೂ ಇತ್ತು. ಆದರೂ 1941ರ ಜೂನ್ 22ರಂದು ಹಿಟ್ಲರ್ ರಷ್ಯಾದ ಮೇಲೆ ಬಿದ್ದಾಗ, ಮೂರು ವಾರ ಕಳೆಯುವುದರೊಳಗೆ, ಜುಲೈ 12ಕ್ಕೆ, ಬ್ರಿಟನ್ ಮಾಸ್ಕೋದಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. ಆಗ ಅಡ್ಡಿಯಾಗದ ಸಿದ್ಧಾಂತ ನಾಲ್ಕೇ ವರ್ಷಕ್ಕೆ ಅಡ್ಡಿಯಾಯಿತು ಎಂದರೆ ನಡುವೆ ಬೇರೇನೋ ಬದಲಾಗಿರಬೇಕಲ್ಲ? ಬದಲಾದದ್ದು ಇಷ್ಟೇ: ಹಿಟ್ಲರ್ ಇಲ್ಲವಾದ.

ಶತ್ರು ಇರುವವರೆಗೆ ಕಷ್ಟದ ಪ್ರಶ್ನೆಗಳನ್ನು ‘ಆಮೇಲೆ ನೋಡೋಣ’ ಎಂದು ಮುಂದಕ್ಕೆ ಹಾಕಬಹುದು. ಹಾಗೆ ಮುಂದಕ್ಕೆ ಹಾಕಿದ್ದರಿಂದಲೇ ಮೈತ್ರಿ ಉಳಿದದ್ದು, ಮುಂದೆ ಅದು ಮುರಿದದ್ದಕ್ಕೂ ಅದೇ ಕಾರಣ. ಆದ್ದರಿಂದ ಯಾವ ಜಾಗದ ವಿಷಯ ಬಂದರೂ ಎರಡು ಸಂಗತಿ ನೋಡಿ. ಗುಂಡಿನ ಸದ್ದು ನಿಂತ ದಿನ ಅಲ್ಲಿ ಯಾರ ಸೇನೆ ಇತ್ತು? ಆ ಜಾಗದ ಬಗ್ಗೆ ಕಾಗದದಲ್ಲಿ ಏನು ಬರೆದಿತ್ತು, ಏನನ್ನು ಬರೆಯದೆ ಬಿಟ್ಟಿದ್ದರು?

ಪೋಲೆಂಡನ್ನು ತೆಗೆದುಕೊಳ್ಳಿ. ಯಾಲ್ಟಾ ಸಮ್ಮೇಳನದಲ್ಲಿ (1945ರ ಫೆಬ್ರುವರಿ 4ರಿಂದ 11) ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಒಪ್ಪಿದ್ದು, ಅಲ್ಲಿನ ಸರ್ಕಾರವನ್ನು ಇನ್ನಷ್ಟು ವಿಶಾಲವಾದ ಪ್ರಜಾಸತ್ತಾತ್ಮಕ ತಳಹದಿಯ ಮೇಲೆ ಪುನಾರಚಿಸಬೇಕು, ಸಾಧ್ಯವಾದಷ್ಟು ಬೇಗ ಮುಕ್ತ ಚುನಾವಣೆ ಆಗಬೇಕು ಎಂದು. ಎಷ್ಟು ಮಂದಿ ಹೊಸ ಮಂತ್ರಿಗಳು? ಚುನಾವಣೆ ಯಾವ ತಿಂಗಳು? ಮತಗಟ್ಟೆಯಲ್ಲಿ ನಿಗಾ ಇಡುವವರು ಯಾರು? ಒಂದನ್ನೂ ಬರೆಯಲಿಲ್ಲ. ಈ ಬರಹವನ್ನು ಮುರಿಯದೆಯೇ ಎಷ್ಟು ದೂರಕ್ಕೆ ಬೇಕಾದರೂ ಎಳೆಯಬಹುದು ಎಂದು ರೂಸ್‌ವೆಲ್ಟರ ಸೇನಾ ಸಲಹೆಗಾರ ಅಡ್ಮಿರಲ್ ಲೀಹಿ ಆಗಲೇ ಹೇಳಿದ್ದರು. ಬರೆಯದೆ ಬಿಟ್ಟದ್ದು ಅಜ್ಞಾನದಿಂದಲ್ಲ. ಆ ಹೊತ್ತಿಗೆ ಕೆಂಪು ಸೇನೆ ಪೋಲೆಂಡನ್ನು ದಾಟಿ ಬರ್ಲಿನ್‌ನಿಂದ 70 ಕಿಲೋಮೀಟರು ದೂರದಲ್ಲಿತ್ತು. ಜಪಾನಿನ ವಿರುದ್ಧದ ಯುದ್ಧಕ್ಕೆ ರಷ್ಯಾ ಬರಬೇಕು ಎಂಬುದು ಅಮೆರಿಕಕ್ಕೆ ಪೋಲೆಂಡಿಗಿಂತ ದೊಡ್ಡದಾಗಿತ್ತು. 1947ರ ಜನವರಿಯಲ್ಲಿ ಚುನಾವಣೆ ನಡೆಯಿತು, ಕಮ್ಯುನಿಸ್ಟರ ಕೂಟ ಬೆದರಿಕೆ, ಬಂಧನ, ಮತ ತಿದ್ದುವಿಕೆಯಿಂದ ಗೆದ್ದಿತು.

ಇದಕ್ಕೆ ಪಕ್ಕದಲ್ಲಿ ಇರಾನನ್ನು ಇಟ್ಟು ನೋಡಿ. ಅಲ್ಲೂ ಸೋವಿಯತ್ ಸೇನೆ ಇತ್ತು. ಆದರೆ ಬ್ರಿಟನ್, ರಷ್ಯಾ, ಇರಾನ್ ನಡುವಿನ 1942ರ ಜನವರಿ 29ರ ತ್ರಿಪಕ್ಷೀಯ ಒಪ್ಪಂದದಲ್ಲಿ, ಯುದ್ಧ ನಿಂತ ಆರು ತಿಂಗಳೊಳಗೆ ಎಲ್ಲ ವಿದೇಶಿ ಸೇನೆಗಳೂ ಹೊರಡಬೇಕು ಎಂದು ಬರೆದಿತ್ತು. ಜಪಾನ್ ಶರಣಾಗತಿಗೆ ಸಹಿ ಹಾಕಿದ್ದು 1945ರ ಸೆಪ್ಟೆಂಬರ್ 2, ಹಾಗಾಗಿ ಗಡುವು 1946ರ ಮಾರ್ಚ್ 2. ಬ್ರಿಟಿಷರೂ ಅಮೆರಿಕನ್ನರೂ ಹೋದರು, ರಷ್ಯನ್ನರು ಹೋಗಲಿಲ್ಲ. ಇರಾನ್ ಆಗಷ್ಟೇ ಹುಟ್ಟಿದ್ದ ಭದ್ರತಾ ಮಂಡಳಿಯ ಬಾಗಿಲು ತಟ್ಟಿತು. ಉತ್ತರದ ಎಣ್ಣೆಯಲ್ಲಿ ಪಾಲು ಕೊಡುವುದಾಗಿ ಪ್ರಧಾನಿ ಕವಾಮ್ ಮಾಸ್ಕೋಗೆ ಮಾತು ಕೊಟ್ಟರು. ಮೇ ಹೊತ್ತಿಗೆ ಸೇನೆ ಹೊರಟಿತು. ಎಣ್ಣೆಯ ಮಾತನ್ನು 1947ರ ಅಕ್ಟೋಬರ್‌ನಲ್ಲಿ ಇರಾನಿನ ಸಂಸತ್ತು ತಳ್ಳಿಹಾಕಿತು! ತಾರೀಖು ಬರೆದಿದ್ದರಿಂದಲೇ ಎಲ್ಲವೂ ಆಯಿತು ಎನ್ನುವಂತಿಲ್ಲ. ಆದರೆ ತಾರೀಖು ಇದ್ದದ್ದರಿಂದ ‘ಯಾರು ತಪ್ಪಿದರು’ ಎಂಬ ಬಗ್ಗೆ ವಾದಕ್ಕೆ ಎಡೆಯಿರಲಿಲ್ಲ. ಪೋಲೆಂಡಿನಲ್ಲಿ ಬರೀ ಆ ವಾದದಲ್ಲೇ ಎರಡು ವರ್ಷ ಹೋಯಿತು.

ಮೂರನೆಯದು ಯುದ್ಧ ಪರಿಹಾರ, ಪರೀಕ್ಷೆಯಲ್ಲಿ ಯಾರೂ ಬರೆಯದ ಅಂಶ. ಯಾಲ್ಟಾದಲ್ಲಿ ಜರ್ಮನಿಯಿಂದ 2,000 ಕೋಟಿ ಡಾಲರ್, ಅದರಲ್ಲಿ ಅರ್ಧ ರಷ್ಯಾಕ್ಕೆ, ಎಂಬುದನ್ನು ‘ಚರ್ಚೆಗೆ ಆಧಾರ’ ಎಂದು ಬರೆದರು. ಸುಮಾರು 2.7 ಕೋಟಿ ಜನರನ್ನು ಕಳೆದುಕೊಂಡ ದೇಶ ಅದನ್ನು ಭರವಸೆ ಎಂದು ಓದಿತು, ಲಂಡನ್ ಬರೀ ಚರ್ಚೆ ಎಂದು ಓದಿತು. ಪಾಟ್ಸ್‌ಡ್ಯಾಮ್ ಸಮ್ಮೇಳನದಲ್ಲಿ (1945ರ ಜುಲೈ 17ರಿಂದ ಆಗಸ್ಟ್ 2) ಮೊತ್ತವನ್ನೇ ಕೈಬಿಟ್ಟು, ಜರ್ಮನಿಯಲ್ಲಿ ಅವರವರ ಸೇನೆ ಹಿಡಿದಿರುವ ವಲಯದಿಂದ ಅವರವರು ತೆಗೆದುಕೊಳ್ಳಿ ಎಂದಾಯಿತು. ಅದರ ಮೇಲೆ ಪಶ್ಚಿಮ ವಲಯಗಳಲ್ಲಿ ಬೇಡವಾದ ಕಾರ್ಖಾನೆ ಯಂತ್ರಗಳಲ್ಲಿ ಶೇ 10 ಪುಕ್ಕಟೆ, ಶೇ 15 ಧಾನ್ಯ ಕಲ್ಲಿದ್ದಲಿಗೆ ಬದಲಾಗಿ. 1946ರ ಮೇ ತಿಂಗಳಲ್ಲಿ ಅಮೆರಿಕದ ಜನರಲ್ ಕ್ಲೇ ತಮ್ಮ ವಲಯದಿಂದ ಯಂತ್ರ ಕಳಿಸುವುದನ್ನು ನಿಲ್ಲಿಸಿದರು. 1947ರ ಜನವರಿ 1ಕ್ಕೆ ಬ್ರಿಟಿಷ್, ಅಮೆರಿಕನ್ ವಲಯಗಳು ಕೂಡಿದವು. 1948ರ ಜೂನ್ 20ಕ್ಕೆ ಪಶ್ಚಿಮಕ್ಕೆ ಹೊಸ ನೋಟು, ಜೂನ್ 24ಕ್ಕೆ ಬರ್ಲಿನ್ ದಿಗ್ಬಂಧನ: ಸೋವಿಯತ್ ವಲಯದ ನಡುವೆ ಇದ್ದ ಪಶ್ಚಿಮ ಬರ್ಲಿನ್‌ನ ರಸ್ತೆ, ರೈಲು ದಾರಿಗಳನ್ನು ರಷ್ಯನ್ನರು ಮುಚ್ಚಿದರು. ಜರ್ಮನಿ ಎರಡಾದದ್ದು ಭಾಷಣಗಳಿಂದಲ್ಲ, ಈ ಲೆಕ್ಕಪತ್ರದಿಂದ ಎಂಬುದು ನಮ್ಮ ಅಭಿಪ್ರಾಯ. ಉತ್ತರ ಬರೆಯುವಾಗ ಚರ್ಚಿಲ್ಲರ ‘ಕಬ್ಬಿಣದ ಪರದೆ’ಯ ಫುಲ್ಟನ್ ಭಾಷಣಕ್ಕೆ (1946ರ ಮಾರ್ಚ್ 5) ಒಂದು ಸಾಲು ಸಾಕು, ಪರಿಹಾರಕ್ಕೆ ನಾಲ್ಕು ಸಾಲು ಕೊಡಿ.

ಪ್ರಶ್ನೆ: ಅಮೆರಿಕ ರಷ್ಯಾಕ್ಕೆ ಅಷ್ಟೊಂದು ಲಾರಿ, ವಿಮಾನ, ಬೂಟು ಕೊಟ್ಟಿತಂತೆ. ಉಂಡ ಮನೆಗೆ ಎರಡು ಬಗೆದ ಹಾಗಾಗಲಿಲ್ಲವೇ?
(ಕಾರ್ಖಾನೆಯಿಂದ ನಿವೃತ್ತರಾದವರು, ಹರಿಹರ)

ಉತ್ತರ: ಕೊಟ್ಟದ್ದು ನಿಜ, ಸಣ್ಣದೂ ಅಲ್ಲ. ಮಿತ್ರ ದೇಶಗಳಿಗೆ ಯುದ್ಧ ಸಾಮಗ್ರಿ ಒದಗಿಸುವ ಲೆಂಡ್-ಲೀಸ್ ಕಾಯ್ದೆಗೆ ರೂಸ್‌ವೆಲ್ಟ್ ಸಹಿ ಹಾಕಿದ್ದು 1941ರ ಮಾರ್ಚ್ 11ರಂದು. ಒಟ್ಟು ನೆರವು ಸುಮಾರು 5,000 ಕೋಟಿ ಡಾಲರ್, ಅದರಲ್ಲಿ ರಷ್ಯಾದ ಪಾಲು ಸುಮಾರು 1,100 ಕೋಟಿ. ವಸ್ತುವಿನಲ್ಲಿ ಹೇಳುವುದಾದರೆ ಜೀಪು ಲಾರಿ ಸೇರಿ 4 ಲಕ್ಷ, ವಿಮಾನ 14,000, ಟ್ಯಾಂಕು 13,000, ಉಗಿ ಎಂಜಿನ್ ಸುಮಾರು 1,900, ಬೂಟು ಒಂದೂವರೆ ಕೋಟಿ ಜೊತೆ, ಆಹಾರ 45 ಲಕ್ಷ ಟನ್. ಅರ್ಧದಷ್ಟು ಸಾಮಾನು ಪೆಸಿಫಿಕ್ ಸಾಗರದ ಮೂಲಕ ಹೋಯಿತು. ಆಗ ರಷ್ಯಾ ಮತ್ತು ಜಪಾನ್ ನಡುವೆ ತಟಸ್ಥ ಒಪ್ಪಂದ ಇದ್ದುದರಿಂದ ಆ ದಾರಿಯಲ್ಲಿ ಸೋವಿಯತ್ ಬಾವುಟದ ಹಡಗು, ಆಯುಧವಲ್ಲದ ಸರಕು ಮಾತ್ರ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಇರಾನ್ ಮತ್ತು ಆರ್ಕ್‌ಟಿಕ್ ದಾರಿಗಳಲ್ಲಿ.

ತೊಡಕು ಎರಡು ಕಡೆ. ಮೊದಲನೆಯದು ಕಾಲ: ನೆರವಿನ ದೊಡ್ಡ ಪಾಲು ಮುಟ್ಟಿದ್ದು 1943ರ ಫೆಬ್ರುವರಿಯಲ್ಲಿ ಸ್ಟಾಲಿನ್‌ಗ್ರಾಡ್ ಕದನ ಮುಗಿದ ಮೇಲೆ. 1942ರಲ್ಲೇ ಪಶ್ಚಿಮದಲ್ಲಿ ಎರಡನೇ ರಣರಂಗ ತೆರೆಯುತ್ತಾರೆಂದು ನಂಬಿದ್ದ ರಷ್ಯನ್ನರಿಗೆ ಅದು ಸಿಕ್ಕಿದ್ದು 1944ರ ಜೂನ್ 6ರಂದು. ‘ನೀವು ಸಾಮಾನು ಕೊಟ್ಟಿರಿ, ನಾವು ಮನುಷ್ಯರನ್ನು ಕೊಟ್ಟೆವು’ ಎಂಬ ಲೆಕ್ಕ ಅಲ್ಲಿ ಬೇರೂರಿತು. ಎರಡನೆಯದು ನಿಲ್ಲಿಸಿದ ರೀತಿ. ಜರ್ಮನಿ ಶರಣಾದ ಮೂರನೇ ದಿನ, 1945ರ ಮೇ 11ರಂದು, ಅಮೆರಿಕದ ಹೊಸ ಅಧ್ಯಕ್ಷ ಟ್ರೂಮನ್ ನೆರವು ಕಡಿತದ ಆದೇಶಕ್ಕೆ ಸಹಿ ಮಾಡಿದರು. ಅಧಿಕಾರಿಗಳು ಅದನ್ನು ಅಕ್ಷರಶಃ ಪಾಲಿಸಿ, ದಾರಿಯಲ್ಲಿದ್ದ ಹಡಗುಗಳನ್ನೂ ಹಿಂದಕ್ಕೆ ತಿರುಗಿಸಿದರು. ಗಲಾಟೆಯಾದ ಮೇಲೆ ಹಡಗು ಮತ್ತೆ ಬಿಟ್ಟರು, ಕಹಿ ಉಳಿಯಿತು. ಆ ಜನವರಿಯಲ್ಲಿ ಸೋವಿಯತ್ ವಿದೇಶಾಂಗ ಮಂತ್ರಿ ಮೊಲೊಟೊವ್ ಕೇಳಿದ್ದ 600 ಕೋಟಿ ಡಾಲರ್ ಸಾಲವೂ ಸಿಗಲಿಲ್ಲ. ಬಾಕಿ ಎಷ್ಟು ಎಂಬ ಜಗ್ಗಾಟ ಎಷ್ಟು ಎಳೆಯಿತೆಂದರೆ, 72.2 ಕೋಟಿ ಡಾಲರ್ ಎಂದು ಇತ್ಯರ್ಥವಾದದ್ದು 1972ರಲ್ಲಿ.

ನೆರವು ಮೈತ್ರಿಯನ್ನು ಗಟ್ಟಿ ಮಾಡುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಯಾವ ದಿನ ನಿಲ್ಲುತ್ತದೆ, ಯಾವುದು ದಾನ, ಯಾವುದು ಸಾಲ ಎಂದು ಮೊದಲೇ ಹೇಳದಿದ್ದರೆ ನಿಂತ ದಿನವೇ ಅದು ಬೆದರಿಕೆಯಂತೆ ಕಾಣುತ್ತದೆ.

ಪ್ರಶ್ನೆ: ಚರ್ಚಿಲ್ ಮತ್ತು ಸ್ಟಾಲಿನ್ ಒಂದು ಚೀಟಿಯಲ್ಲಿ ಯೂರೋಪನ್ನು ಶೇಕಡಾವಾರು ಹಂಚಿಕೊಂಡರು ಎನ್ನುತ್ತಾರೆ. ಕಟ್ಟುಕತೆಯೇ?
(ನಿವೃತ್ತ ಶಿಕ್ಷಕರು, ಚಿತ್ರದುರ್ಗ)

ಉತ್ತರ: ಕಟ್ಟುಕತೆಯಲ್ಲ, ಚೀಟಿ ಬ್ರಿಟನ್ನಿನ ರಾಷ್ಟ್ರೀಯ ದಾಖಲಾಗಾರದಲ್ಲಿದೆ. 1944ರ ಅಕ್ಟೋಬರ್ 9ರ ರಾತ್ರಿ, ಮಾಸ್ಕೋ. ರೊಮೇನಿಯಾದಲ್ಲಿ ರಷ್ಯಾಕ್ಕೆ 90, ಗ್ರೀಸಿನಲ್ಲಿ ಬ್ರಿಟನ್ನಿಗೆ 90, ಯುಗೊಸ್ಲಾವಿಯಾ ಮತ್ತು ಹಂಗೇರಿ 50-50, ಬಲ್ಗೇರಿಯಾದಲ್ಲಿ ರಷ್ಯಾಕ್ಕೆ 75. ಸ್ಟಾಲಿನ್ ನೀಲಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದರು. ಮರುದಿನದಿಂದ ವಿದೇಶಾಂಗ ಮಂತ್ರಿಗಳಾದ ಈಡನ್ ಮತ್ತು ಮೊಲೊಟೊವ್ ಚೌಕಾಸಿಗೆ ಕುಳಿತು, ಹಂಗೇರಿ ಮತ್ತು ಬಲ್ಗೇರಿಯಾದಲ್ಲಿ ರಷ್ಯಾದ ಪಾಲು 80ಕ್ಕೆ ಏರಿತು. ‘ಶೇ 20ರ ಪ್ರಭಾವ’ ಎಂದರೆ ಏನು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಎಷ್ಟು ಪೊಲೀಸ್ ಠಾಣೆ? ಎಷ್ಟು ಖಾತೆ? ಚೆಕ್ಕುಬಂದಿ ಬರೆಯದ ಭಾಗಪತ್ರ ಅದು.

ನಿಂತದ್ದು 90ರ ಎರಡು ಅಂಕಿಗಳು ಮಾತ್ರ, ಏಕೆಂದರೆ ಎರಡೂ ಕಡೆ ಸೇನೆ ಅಂಕಿಗೆ ಸರಿಯಾಗಿ ನಿಂತಿತ್ತು. 1944ರ ಡಿಸೆಂಬರ್‌ನಲ್ಲಿ ಅಥೆನ್ಸ್‌ನಲ್ಲಿ ಬ್ರಿಟಿಷ್ ಪಡೆ ಗ್ರೀಕ್ ಎಡಪಂಥೀಯರ ಮೇಲೆ ಗುಂಡು ಹಾರಿಸಿದಾಗ ಸ್ಟಾಲಿನ್ ತುಟಿ ಬಿಚ್ಚಲಿಲ್ಲ. 1945ರ ಮಾರ್ಚ್ 6ರಂದು ರೊಮೇನಿಯಾದ ರಾಜಧಾನಿ ಬುಕಾರೆಸ್ಟಿನಲ್ಲಿ ಸ್ಟಾಲಿನ್ ತನಗೆ ಬೇಕಾದ ಪ್ರಧಾನಿಯನ್ನು ಕೂರಿಸಿದಾಗ ಚರ್ಚಿಲ್ ಕೂಡ ಜೋರಾಗಿ ಕೂಗುವ ಸ್ಥಿತಿಯಲ್ಲಿರಲಿಲ್ಲ. ಹಂಗೇರಿಯ ಉಳಿದ ಶೇ 20 ಗಾಳಿಗೆ ಹೋಯಿತು. ಅತಿ ದೊಡ್ಡ ಜಗಳದ ಪೋಲೆಂಡ್ ಆ ಚೀಟಿಯಲ್ಲಿ ಇರಲೇ ಇಲ್ಲ.

ಪ್ರಶ್ನೆ: ಇದೆಲ್ಲ ಯೂರೋಪಿನ ಮಾತಾಯಿತು. ನಮ್ಮ ಕಡೆಯ ಇತಿಹಾಸದಲ್ಲಿ ಇಂಥದ್ದು ಇಲ್ಲವೇ?
(ಅಡಿಕೆ ಬೆಳೆಗಾರರು, ಹೊಳಲ್ಕೆರೆ)

ಉತ್ತರ: ನಿಮ್ಮ ಹೊಳಲ್ಕೆರೆಯೇ ಇದಕ್ಕೆ ಸಾಕ್ಷಿ, ಹೇಗೆಂದು ಕೊನೆಗೆ ಹೇಳುತ್ತೇವೆ.

1790ರಲ್ಲಿ ಟಿಪ್ಪು ವಿರುದ್ಧ ಈಸ್ಟ್ ಇಂಡಿಯಾ ಕಂಪನಿ, ಮರಾಠರು, ನಿಜಾಮ ಮೂವರೂ ಕೂಡಿದರು. ಪುಣೆಯ ಒಪ್ಪಂದ ಜೂನ್ 1ಕ್ಕೆ, ನಿಜಾಮನೊಂದಿಗಿನ ಪಾನಗಲ್ ಒಪ್ಪಂದ ಜುಲೈ 4ಕ್ಕೆ. ಷರತ್ತುಗಳು ಸ್ಪಷ್ಟ: ಗೆದ್ದ ಸೀಮೆ ಸಮಪಾಲು, ಯಾರೂ ಪ್ರತ್ಯೇಕವಾಗಿ ಸಂಧಿ ಮಾಡಿಕೊಳ್ಳಕೂಡದು. ಮುಂದೆ ಟಿಪ್ಪು ಯಾರ ಮೇಲಾದರೂ ಬಿದ್ದರೆ ಉಳಿದವರು ನೆರವಿಗೆ ಬರಬೇಕು, ಹೇಗೆ ಎಂಬುದನ್ನು ಮಾತ್ರ ‘ಮುಂದೆ ತೀರ್ಮಾನಿಸುವುದು’. ಮತ್ತೆ ಅದೇ ‘ಆಮೇಲೆ ನೋಡೋಣ’.

ಯುದ್ಧದ ನಡುವೆಯೇ ಒಡಕು ಕಾಣುತ್ತದೆ. 1791ರ ಮೇ ತಿಂಗಳಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಹೋದ. ಎತ್ತು ಸತ್ತು, ಅಕ್ಕಿ ಮುಗಿದು, ಕೋಟೆ ಒಡೆಯುವ ಭಾರಿ ಫಿರಂಗಿಗಳನ್ನು ತಾನೇ ನಾಶ ಮಾಡಿ ಹಿಂದಿರುಗಿದ. ಹೊರಟ ಮೇಲೆ ಎದುರಿಗೆ ಬಂದದ್ದು ಹರಿಪಂತ ಮತ್ತು ಪರಶುರಾಮ ಭಾವುವಿನ ಮರಾಠ ದಂಡು! ಟಿಪ್ಪುವಿನ ಲಘು ಕುದುರೆ ಪಡೆ ನಡುವಿನ ಹರಕಾರರನ್ನೆಲ್ಲ ಹಿಡಿದದ್ದರಿಂದ ಇವರು ಬರುವುದು ಕಾರ್ನ್‌ವಾಲಿಸನಿಗೆ ತಿಳಿದಿರಲಿಲ್ಲ. ಮರಾಠರ ದಂಡಿನ ಬಜಾರಿನಲ್ಲಿ ಧಾನ್ಯ ಬೇಕಾದಷ್ಟಿತ್ತು, ಹಸಿದ ಮಿತ್ರರಿಗೆ ದುಬಾರಿ ಬೆಲೆಗೆ ಮಾರಿದರು. ಆ ವರ್ಷದ ಕೊನೆಗೆ, ಎಲ್ಲರೂ ಶ್ರೀರಂಗಪಟ್ಟಣಕ್ಕೆ ಸೇರಬೇಕೆಂದಿದ್ದರೂ ಪರಶುರಾಮ ಭಾವು ಹೊಳೆಹೊನ್ನೂರು, ಶಿವಮೊಗ್ಗದ ಹಾದಿ ಹಿಡಿದು ಬಿದನೂರಿನ ಕಡೆ ತಿರುಗಿದ. ಸಂಧಿಯ ಹೊತ್ತಿಗೆ ಯಾರ ಕೈಯಲ್ಲಿ ಯಾವ ಸೀಮೆ ಇರುತ್ತದೆ ಎಂಬುದೇ ಮುಖ್ಯ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. 1945ರಲ್ಲಿ ಬರ್ಲಿನ್ ಕಡೆಗೆ ಓಡಿದವರ ಲೆಕ್ಕಾಚಾರವೂ ಇದೇ.

1792ರ ಮಾರ್ಚ್‌ನ ಶ್ರೀರಂಗಪಟ್ಟಣ ಸಂಧಿಯಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡ. ಹಂಚಿಕೆಯಾಯಿತು. ಆದರೆ ಮಿತ್ರರಲ್ಲೇ ಒಬ್ಬ ಇನ್ನೊಬ್ಬನ ಮೇಲೆ ಬಿದ್ದರೆ? ಆ ಷರತ್ತು ಎಲ್ಲೂ ಇರಲಿಲ್ಲ. ಕಾರ್ನ್‌ವಾಲಿಸ್ ಮೂವರ ನಡುವೆ ಖಾತ್ರಿ ಒಪ್ಪಂದ ಮಾಡಲು ನೋಡಿದ. ನಿಜಾಮನಿಗೆ ಬೇಕಿತ್ತು, ಮರಾಠರಿಗೆ ಬೇಡವಾಗಿತ್ತು. 1795ರ ಮಾರ್ಚ್‌ನಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನನ್ನು ಬಡಿದರು, ದೌಲತಾಬಾದ್ ಕೋಟೆಯೂ ಹೋಯಿತು. ಗವರ್ನರ್ ಜನರಲ್ ಜಾನ್ ಶೋರ್ ಕೈಕಟ್ಟಿ ಕುಳಿತ. ಸಂಧಿಯಾಗಿ ಮೂರೇ ವರ್ಷ.

ಮುಂದಿನ ಸುತ್ತು ಬೇಗ ಹೇಳಿಬಿಡಬಹುದು. 1798ರಲ್ಲಿ ನಿಜಾಮ ಕಂಪನಿಯ ಸಹಾಯಕ ಸೈನ್ಯ ಪದ್ಧತಿಗೆ ತಲೆಬಾಗಿದ, 1799ರ ಮೇ 4ರಂದು ಟಿಪ್ಪು ಬಿದ್ದ. ಯುದ್ಧದಲ್ಲಿ ಏನೂ ಮಾಡದ ಪೇಶ್ವೆಗೂ ಒಂದು ಪಾಲು ತೆಗೆದಿಟ್ಟರು: ಹರಪನಹಳ್ಳಿ, ಸೋಂದೆ, ಆನೆಗೊಂದಿ ಮತ್ತು ಚಿತ್ರದುರ್ಗ ಸೀಮೆಯ ಒಂದು ಭಾಗ. ಷರತ್ತು, ಕಂಪನಿಯ ಹಿಡಿತ ಒಪ್ಪಬೇಕು. ಪೇಶ್ವೆ ಒಪ್ಪಲಿಲ್ಲ, ಪಾಲನ್ನು ಉಳಿದಿಬ್ಬರು ಹಂಚಿಕೊಂಡರು. 1803ರ ಸೆಪ್ಟೆಂಬರ್ 23ರಂದು ಅಸ್ಸಾಯಿಯಲ್ಲಿ ಕಂಪನಿಗೂ ಮರಾಠ ಸರದಾರರಿಗೂ ನೇರ ಯುದ್ಧವೇ ಆಯಿತು. ಅದೇ ಡಿಸೆಂಬರ್‌ನಲ್ಲಿ ಕಂಪನಿ ಮತ್ತು ಮೈಸೂರಿನ ಪೂರಕ ಒಪ್ಪಂದದಲ್ಲಿ, ಬೇರೆ ಸೀಮೆಗಳಿಗೆ ಬದಲಾಗಿ, ಮೈಸೂರಿಗೆ ಬಂದದ್ದು ನಿಮ್ಮ ಹೊಳಲ್ಕೆರೆ, ಮಾಯಕೊಂಡ, ಹರಿಹರ. ಗೆದ್ದವರ ಹಂಚಿಕೆಯಲ್ಲಿ ಊರುಗಳು ಕೈ ಬದಲಾಗುವುದಕ್ಕೆ ಇದೇ ಸಾಕ್ಷಿ.

ಪ್ರಶ್ನೆ: ದಿಗ್ಬಂಧನವಾದಾಗ ಬರ್ಲಿನ್‌ಗೆ ವಿಮಾನದಲ್ಲೇ ಸಾಮಾನು ಹಾಕಿದರಂತೆ. ಲೋಡಿನ ಲೆಕ್ಕದಲ್ಲಿ ಹೇಳಿ, ಇದು ಆಗುವ ಕೆಲಸವೇ? ರಷ್ಯನ್ನರು ತಡೆಯಲಿಲ್ಲವೇಕೆ?
(ಲಾರಿ ಮಾಲೀಕರು, ಹಿರಿಯೂರು)

ಉತ್ತರ: ಮೊದಲು ಬೇಡಿಕೆ. ಪಶ್ಚಿಮ ಬರ್ಲಿನ್‌ನಲ್ಲಿ 20 ಲಕ್ಷಕ್ಕೂ ಹೆಚ್ಚು ಜನ. ಸೇನೆ ಹಾಕಿದ ಪಟ್ಟಿಯಲ್ಲಿ ದಿನಕ್ಕೆ ಆಹಾರವೇ 1,534 ಟನ್. ಹಿಟ್ಟು ಗೋಧಿ 646, ಒಣಗಿಸಿದ ಆಲೂಗಡ್ಡೆ 180, ಸಕ್ಕರೆ 180, ಉಪ್ಪು 38, ಕಾಫಿ 11 ಟನ್, ಹೀಗೆ. ಆಲೂಗಡ್ಡೆ ಒಣಗಿಸಿದ್ದೇಕೆಂದರೆ ನೀರನ್ನು ಹೊತ್ತು ಹಾರುವುದು ದಂಡ. ಇದರ ಸುಮಾರು ಎರಡರಷ್ಟು ಕಲ್ಲಿದ್ದಲು ಮತ್ತು ಇಂಧನ. ಕನಿಷ್ಠ ಗುರಿ ದಿನಕ್ಕೆ 4,500 ಟನ್.

ಮೊದಲು ಇದ್ದ ಡಕೋಟಾ ವಿಮಾನ ಹೊರುವುದು ಸುಮಾರು 3 ಟನ್, ಅಂದರೆ ದಿನಕ್ಕೆ 1,500 ಟ್ರಿಪ್ಪು. ಆಗದ ಮಾತು. ಆಮೇಲೆ ತಂದ ಸಿ-54 ಹೊರುವುದು ಸುಮಾರು 10 ಟನ್, ನಿಮ್ಮ ಒಂದು ಆರು ಚಕ್ರದ ಲಾರಿಯಷ್ಟು. ಆಗ 450 ಟ್ರಿಪ್ಪು: ಹಗಲು ರಾತ್ರಿ ಮೂರು ಚಿಲ್ಲರೆ ನಿಮಿಷಕ್ಕೊಂದು ವಿಮಾನ.

ಮೊದಮೊದಲು ಕೆಟ್ಟದ್ದು ಇಳಿಯುವ ಜಾಗದಲ್ಲಿ. 1948ರ ಆಗಸ್ಟ್ 13ರಂದು ಮಳೆ ಮೋಡದಲ್ಲಿ ಟೆಂಪಲ್‌ಹಾಫ್ ನಿಲ್ದಾಣದಲ್ಲಿ ಒಂದು ವಿಮಾನ ಅಪಘಾತವಾಯಿತು, ಹಿಂದಿನವು ಮೇಲೆ ಒಂದರ ಮೇಲೊಂದು ಸುತ್ತತೊಡಗಿದವು. ಉಸ್ತುವಾರಿ ಹೊತ್ತಿದ್ದ ಜನರಲ್ ಟನ್ನರ್ ಅಂದಿನಿಂದ ನಿಯಮ ಬದಲಿಸಿದರು. ಇಳಿಯುವ ಅವಕಾಶ ಒಂದೇ ಸಲ. ತಪ್ಪಿದರೆ ಲೋಡು ಸಮೇತ ವಾಪಸು. ಹೋಗಲು ಉತ್ತರ ಮತ್ತು ದಕ್ಷಿಣದ ವಾಯುಮಾರ್ಗ, ಬರಲು ನಡುವಿನದು, ಎದುರು ಸಂಚಾರವೇ ಇಲ್ಲ. ಸಾಮಾನು ಇಳಿಸುವಾಗ ಪೈಲಟ್ ವಿಮಾನ ಬಿಟ್ಟು ಹೋಗುವಂತಿಲ್ಲ; ತಿಂಡಿ, ಹವಾಮಾನ ವರದಿ ಎರಡೂ ಜೀಪಿನಲ್ಲಿ ಅಲ್ಲಿಗೇ ಬರುತ್ತಿದ್ದವು.

ಲಾರಿಯವರಿಗೆ ಅರ್ಥವಾಗುವ ಇನ್ನೊಂದು ಸಮಸ್ಯೆ, ಸರಕು ಗಾಡಿಯನ್ನು ತಿನ್ನುವುದು. ಕಲ್ಲಿದ್ದಲಿನ ಪುಡಿ ಮೂಟೆಯಿಂದ ಸೋರಿ ತಂತಿ, ಕೇಬಲ್ಲುಗಳೊಳಗೆ ಕೂತಿತು. ಉಪ್ಪು ಇನ್ನೂ ಕೆಟ್ಟದ್ದು, ಲೋಹವನ್ನೇ ತಿಂದಿತು. ಉಪಾಯ? ಸಮುದ್ರದ ನೀರಿಗೆಂದೇ ಕಟ್ಟಿದ ಬ್ರಿಟಿಷರ ಸಂಡರ್ಲೆಂಡ್ ಹಾರುವ ದೋಣಿಗಳಲ್ಲಿ ಉಪ್ಪು ತುಂಬಿ ಬರ್ಲಿನ್‌ನ ಹಾಫೆಲ್ ಸರೋವರಕ್ಕೆ ಇಳಿಸಿದರು. ಚಳಿಗಾಲದಲ್ಲಿ ಆ ಕೆಲಸವನ್ನು ಹೊಟ್ಟೆಯ ಕೆಳಗೆ ಪೆಟ್ಟಿಗೆ ಕಟ್ಟಿದ ಬೇರೆ ವಿಮಾನಗಳು ವಹಿಸಿಕೊಂಡವು. ಫ್ರೆಂಚರ ವಲಯದ ಟೇಗೆಲ್‌ನಲ್ಲಿ ಊರಿನ ಹೆಂಗಸರು ಗಂಡಸರು ಸೇರಿ ಸುಮಾರು 90 ದಿನಗಳಲ್ಲಿ ಹೊಸ ರನ್‌ವೇ ಎಬ್ಬಿಸಿದರು.

1949ರ ಏಪ್ರಿಲ್ 15–16ರಂದು ಒಂದೇ ದಿನದಲ್ಲಿ 1,398 ಹಾರಾಟ, 12,941 ಟನ್. ಒಟ್ಟು ಸುಮಾರು 2 ಲಕ್ಷ 78 ಸಾವಿರ ಹಾರಾಟ, 23 ಲಕ್ಷ ಟನ್. ಸತ್ತವರು 101 ಮಂದಿ.

ಇನ್ನು ತಡೆಯಲಿಲ್ಲ ಏಕೆ? 1945ರಲ್ಲಿ ರಸ್ತೆ, ರೈಲಿನಲ್ಲಿ ಬರ್ಲಿನ್‌ಗೆ ಹೋಗುವ ಹಕ್ಕಿನ ಬಗ್ಗೆ ಪಶ್ಚಿಮದವರು ಬಾಯಿಮಾತಿನಲ್ಲೇ ತೃಪ್ತರಾಗಿದ್ದರು. ಆದರೆ ವಿಮಾನಗಳು ಡಿಕ್ಕಿಯಾಗದಿರಲೆಂದು, ತಲಾ 20 ಮೈಲಿ ಅಗಲದ ಮೂರು ವಾಯುಮಾರ್ಗಗಳನ್ನು ಅದೇ ವರ್ಷದ ನವೆಂಬರ್ 30ರಂದು ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ ನಾಲ್ವರೂ ಬರಹದಲ್ಲಿ ಒಪ್ಪಿದ್ದರು. ರಸ್ತೆ ಮುಚ್ಚಲು ‘ದುರಸ್ತಿ’ ಎಂಬ ನೆಪ ಸಾಕಾಯಿತು. ವಾಯುಮಾರ್ಗ ಮುಚ್ಚಬೇಕಾದರೆ ಗುಂಡು ಹಾರಿಸಬೇಕಿತ್ತು. ಸ್ಟಾಲಿನ್ ಅಷ್ಟಕ್ಕೆ ಸಿದ್ಧರಿರಲಿಲ್ಲ. ಜೊತೆಗೆ ಪಶ್ಚಿಮದವರೂ ಪೂರ್ವ ಜರ್ಮನಿಗೆ ಹೋಗುವ ಕಲ್ಲಿದ್ದಲು, ಉಕ್ಕನ್ನು ನಿಲ್ಲಿಸಿದ್ದರು. ಈ ಮರುದಿಗ್ಬಂಧನವನ್ನು ಪಠ್ಯಗಳು ಮರೆಯುತ್ತವೆ. 1949ರ ಮೇ 12ರಂದು ದಾರಿ ತೆರೆಯಿತು.

ಪ್ರಶ್ನೆ: ಒಂದು ಮೈತ್ರಿ ಒಪ್ಪಂದವನ್ನು ತರಗತಿಯಲ್ಲಿ ಓದಿಸುವುದಾದರೆ ಏನೇನು ನೋಡಿಸಬೇಕು?
(ಇತಿಹಾಸ ಉಪನ್ಯಾಸಕಿ, ಚಳ್ಳಕೆರೆ)

ಉತ್ತರ: ಮೊದಲು ‘ಪ್ರತ್ಯೇಕ ಸಂಧಿ ಇಲ್ಲ’ ಎಂಬ ಕಲಮು ಹುಡುಕಿಸಿ. ಅದು ಇದ್ದೇ ಇರುತ್ತದೆ, ಏಕೆಂದರೆ ಅದು ಪರಸ್ಪರ ಅಪನಂಬಿಕೆಯ ಕಲಮು. 1942ರ ಜನವರಿ 1ರಂದು 26 ದೇಶಗಳು ಸಹಿ ಹಾಕಿದ ಘೋಷಣೆಯಲ್ಲಿ ಗಟ್ಟಿಯಾದ ಬದ್ಧತೆಗಳೆಂದರೆ ಇದು ಮತ್ತು ಪೂರ್ಣ ಬಲದಿಂದ ಹೋರಾಡುವುದು. ನಂತರ ಅವಧಿ ನೋಡಿಸಿ, ನಂಬಬೇಡಿ ಎಂದೂ ಹೇಳಿ. ನೆಪೋಲಿಯನ್ ವಿರುದ್ಧದ 1814ರ ಶೋಮೋಂ ಒಪ್ಪಂದಕ್ಕೂ 20 ವರ್ಷ, 1942ರ ಬ್ರಿಟನ್–ಸೋವಿಯತ್ ಒಪ್ಪಂದಕ್ಕೂ 20 ವರ್ಷ. ಎರಡನೆಯದನ್ನು 1955ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟವೇ ರದ್ದು ಮಾಡಿತು, ಪಶ್ಚಿಮ ಜರ್ಮನಿ ನ್ಯಾಟೊ ಸೇರಿತೆಂದು. ಆಮೇಲೆ ಸೇನೆ ಹಿಂತೆಗೆಯುವ ತಾರೀಖು ಇದೆಯೇ, ಹಂಚಿಕೆಗೆ ಅಂಕಿ ಇದೆಯೇ, ಮಿತ್ರನೇ ತಿರುಗಿಬಿದ್ದರೆ ಏನು ಎಂದಿದೆಯೇ? ಕೊನೆಗೆ, ‘ಸ್ನೇಹಪರ’, ‘ಪ್ರಜಾಸತ್ತಾತ್ಮಕ’, ‘ಸಾಧ್ಯವಾದಷ್ಟು ಬೇಗ’ ಇಂಥ ಪದಗಳಿಗೆ ವಿದ್ಯಾರ್ಥಿಗಳೇ ಅಡಿಗೆರೆ ಎಳೆಯಲಿ. ಮುಂದಿನ ಜಗಳಗಳ ಪಟ್ಟಿ ಹೆಚ್ಚುಕಡಿಮೆ ಅಲ್ಲೇ ಸಿಗುತ್ತದೆ.

ಶೋಮೋಂ ಒಪ್ಪಂದದ ಕತೆ ತರಗತಿಗೆ ಬಲು ಚೆನ್ನ. ಬ್ರಿಟನ್, ಆಸ್ಟ್ರಿಯಾ, ರಷ್ಯಾ, ಪ್ರಶ್ಯಾ ತಲಾ ಒಂದೂವರೆ ಲಕ್ಷ ಸೈನಿಕರನ್ನು ನೆಪೋಲಿಯನ್ ವಿರುದ್ಧ ಇಡಬೇಕೆಂದು 1814ರ ಮಾರ್ಚ್‌ನಲ್ಲಿ ಒಪ್ಪಿದವು. ತಿಂಗಳ ಕೊನೆಗೆ ಪ್ಯಾರಿಸ್ ಬಿತ್ತು. ವಿಯೆನ್ನಾದಲ್ಲಿ ರಷ್ಯಾ ಪೋಲೆಂಡನ್ನೂ ಪ್ರಶ್ಯಾ ಇಡೀ ಸ್ಯಾಕ್ಸನಿಯನ್ನೂ ಕೇಳಿದಾಗ, 1815ರ ಜನವರಿ 3ರಂದು ಬ್ರಿಟನ್ ಮತ್ತು ಆಸ್ಟ್ರಿಯಾ, ಸೋತ ಫ್ರಾನ್ಸನ್ನೇ ಜೊತೆಗಿಟ್ಟುಕೊಂಡು, ಆ ಇಬ್ಬರ ವಿರುದ್ಧ ಗುಟ್ಟಿನ ಒಪ್ಪಂದ ಮಾಡಿಕೊಂಡವು. ತಲಾ ಅದೇ ಒಂದೂವರೆ ಲಕ್ಷ! ಸದ್ಯ, ಪ್ರಶ್ಯಾ ಸ್ಯಾಕ್ಸನಿಯ ಐದರಲ್ಲಿ ಎರಡು ಪಾಲಿಗೆ ಒಪ್ಪಿತು. ಅಷ್ಟರಲ್ಲಿ ನೆಪೋಲಿಯನ್ ಎಲ್ಬಾದಿಂದ ತಪ್ಪಿಸಿಕೊಂಡು ಬಂದ, ನಾಲ್ವರೂ ಮತ್ತೆ ಒಂದಾದರು.

ಪ್ರಶ್ನೆ: ಹಾಗಿದ್ದರೆ ಬ್ರಿಟನ್ ಮತ್ತು ಅಮೆರಿಕ ಏಕೆ ಶತ್ರುಗಳಾಗಲಿಲ್ಲ?
(ಪದವಿ ವಿದ್ಯಾರ್ಥಿನಿ, ಜಗಳೂರು)

ಉತ್ತರ: ಜಗಳ ಅವರಲ್ಲೂ ಆಯಿತು. 1946ರ ಆಗಸ್ಟ್‌ನ ಮ್ಯಾಕ್‌ಮಹೋನ್ ಕಾಯ್ದೆ ಅಣುಬಾಂಬಿನ ಮಾಹಿತಿಯನ್ನು ಬ್ರಿಟನ್ನಿಗೂ ಮುಚ್ಚಿತು, ಬಾಂಬಿನ ಕೆಲಸದಲ್ಲಿ ಬ್ರಿಟಿಷ್ ವಿಜ್ಞಾನಿಗಳೂ ಇದ್ದರೆಂಬುದು ಲೆಕ್ಕಕ್ಕೆ ಬರಲಿಲ್ಲ. ಅದೇ ವರ್ಷ ಕೊಟ್ಟ 375 ಕೋಟಿ ಡಾಲರ್ ಸಾಲದ ಷರತ್ತಿನಂತೆ 1947ರ ಜುಲೈನಲ್ಲಿ ಪೌಂಡನ್ನು ಡಾಲರಿಗೆ ಬದಲಿಸಲು ಬಿಟ್ಟು, ಖಜಾನೆ ಬರಿದಾಗಿ, ಐದೇ ವಾರಕ್ಕೆ ನಿಲ್ಲಿಸಬೇಕಾಯಿತು. ಆದರೆ ಎದುರಾಳಿಯಾಗುವುದಕ್ಕೂ ಶಕ್ತಿ ಬೇಕು. ಗ್ರೀಸ್ ಮತ್ತು ಟರ್ಕಿಯ ಖರ್ಚು ಇನ್ನು ಹೊರಲಾರೆವು ಎಂದು 1947ರ ಫೆಬ್ರುವರಿಯಲ್ಲಿ ಬ್ರಿಟನ್ ತಾನೇ ವಾಷಿಂಗ್ಟನ್ನಿಗೆ ಹೇಳಿತು. ಜಾಗ ಬಿಟ್ಟುಕೊಟ್ಟವನ ಜೊತೆ ಜಾಗಕ್ಕಾಗಿ ಜಗಳವಿಲ್ಲ.

ಪ್ರಶ್ನೆ: ಕೊರಿಯಾವನ್ನು ಭೂಪಟ ನೋಡಿ ಅರ್ಧ ಗಂಟೆಯಲ್ಲಿ ಭಾಗ ಮಾಡಿದರು ಎಂಬುದು ನಿಜವೇ?
(ಓದುಗರು, ಮೊಳಕಾಲ್ಮೂರು)

ಉತ್ತರ: ಹೆಚ್ಚುಕಡಿಮೆ ನಿಜ. 1945ರ ಆಗಸ್ಟ್ 10–11ರ ರಾತ್ರಿ ವಾಷಿಂಗ್ಟನ್ನಿನಲ್ಲಿ ಡೀನ್ ರಸ್ಕ್, ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಕರ್ನಲ್‌ಗಳಿಗೆ ಸುಮಾರು ಅರ್ಧ ಗಂಟೆ ಸಮಯ ಕೊಟ್ಟರು. ಕೈಗೆ ಸಿಕ್ಕಿದ್ದು ನ್ಯಾಷನಲ್ ಜಿಯಾಗ್ರಾಫಿಕ್ ಭೂಪಟ. ರಾಜಧಾನಿ ಸೋಲ್ ತಮ್ಮ ಕಡೆ ಬರುವಂತೆ 38ನೇ ಅಕ್ಷಾಂಶವನ್ನು ಆರಿಸಿದರು. ಜಪಾನಿ ಸೈನಿಕರ ಶರಣಾಗತಿಯನ್ನು ಉತ್ತರದಲ್ಲಿ ಯಾರು, ದಕ್ಷಿಣದಲ್ಲಿ ಯಾರು ಪಡೆಯಬೇಕು ಎಂಬುದಷ್ಟೇ ಅದರ ಉದ್ದೇಶ. ಸೋವಿಯತ್ ಪಡೆ ಆಗಲೇ ಕೊರಿಯಾದ ಅಂಚಿನಲ್ಲಿತ್ತು, ಅಮೆರಿಕನ್ನರು ಇಂಚಾನ್‌ಗೆ ಇಳಿದದ್ದು ಸೆಪ್ಟೆಂಬರ್ 8ಕ್ಕೆ. ಆದರೂ ಸ್ಟಾಲಿನ್ ಗೆರೆಯನ್ನು ಮರುಮಾತಿಲ್ಲದೆ ಒಪ್ಪಿದರು. ಗೆರೆ ಯಾವಾಗ ಅಳಿಯಬೇಕು ಎಂದು ಮಾತ್ರ ಬರೆದಿರಲಿಲ್ಲ. ಯಾವ ಕೊರಿಯನ್ ಪಕ್ಷಗಳನ್ನು ಮಾತಿಗೆ ಕರೆಯಬೇಕು ಎಂಬುದರಲ್ಲೇ 1946, 1947ರ ಅಮೆರಿಕ–ಸೋವಿಯತ್ ಜಂಟಿ ಆಯೋಗ ಮುರಿಯಿತು. 1948ರ ಆಗಸ್ಟ್ 15ಕ್ಕೆ ದಕ್ಷಿಣದಲ್ಲಿ, ಸೆಪ್ಟೆಂಬರ್ 9ಕ್ಕೆ ಉತ್ತರದಲ್ಲಿ ಒಂದೊಂದು ಗಣರಾಜ್ಯ, 1950ರ ಜೂನ್ 25ಕ್ಕೆ ಯುದ್ಧ.

ಒಂದು ತಿದ್ದುಪಡಿ: ಈಗಿನ ಗಡಿ 38ನೇ ಅಕ್ಷಾಂಶವಲ್ಲ. 1953ರ ಜುಲೈ 27ರ ಕದನವಿರಾಮದಲ್ಲಿ ಸೇನೆಗಳು ನಿಂತಲ್ಲೇ ಗೆರೆ ಎಳೆದರು. ಹಾಗಾಗಿ ಅಕ್ಷಾಂಶದ ದಕ್ಷಿಣಕ್ಕಿರುವ ಕೇಸಾಂಗ್ ಈಗ ಉತ್ತರ ಕೊರಿಯಾದಲ್ಲಿದೆ, ಉತ್ತರಕ್ಕಿರುವ ಸೋಕ್ಚೊ ದಕ್ಷಿಣ ಕೊರಿಯಾದಲ್ಲಿದೆ.